ಬಸಿದ ನೀರಿನ ರುಚಿ

ಬಟವಾಡಿಯ ನಮ್ಮ ಮನೆಯಲ್ಲಿ ಸೊಪ್ಪು, ಕಾಳು ಬೇಯಿಸಿ ಬಸಿದ ಕಟ್ಟನ್ನು ಯಾರಾದರೂ ಚೆಲ್ಲಿದರೆ ಅಜ್ಜಿ ಸುಮ್ಮನಿರುತ್ತಿರಲಿಲ್ಲ. ಬಸ್ಸಾರಿನ ಜೀವವಿರುವುದೇ ಆ ನೀರಿನಲ್ಲಿ. ಜಪಾನಿನ ಛಾಯೆಯುಳ್ಳ ಸಣ್ಣ ಫ್ರೆಂಚ್ ಭೋಜನಗೃಹಗಳ ಮಾತು ಬಂದಾಗ ನನಗೆ ನೆನಪಾಗುವುದು ಆ ಕಟ್ಟೇ.

ಮೂಳೆಗಳನ್ನು ಗಂಟೆಗಟ್ಟಲೆ ಕುದಿಸಿ ಸಾರ ತೆಗೆದು, ಹಿಟ್ಟು ಬೆಣ್ಣೆಗಳಿಂದ ಮಂದಗೊಳಿಸುವುದು ಫ್ರೆಂಚರ ಹಳೆಯ ಕ್ರಮ. ಜಪಾನೀಯರ ‘ದಾಶಿ’ ಹಾಗಲ್ಲ. ಕೊಂಬು ಎಂಬ ಕಡಲ ಸಸ್ಯವನ್ನು (ನಮ್ಮ ಹಸುವಿನ ಕೊಂಬಲ್ಲ!) ನೀರಿನಲ್ಲಿ ಕಾಯಿಸಿ, ಕುದಿ ಬರುವ ಮುನ್ನ ತೆಗೆದು, ಒಣಮೀನಿನ ತೆಳುವಾದ ಹೆರಕಲನ್ನು ಕೆಲಹೊತ್ತು ನೆನೆಸಿ ಸೋಸುತ್ತಾರೆ. ನೋಡಲು ತಿಳಿನೀರು, ನಾಲಿಗೆಗೆ ತುಂಬು ರುಚಿ. 1908ರಲ್ಲಿ ರಸಾಯನಶಾಸ್ತ್ರಜ್ಞ ಇಕೆದಾ ಆ ರುಚಿಯನ್ನು ‘ಉಮಾಮಿ’ ಎಂದು ಕರೆದರು.

1960ರಲ್ಲಿ ತ್ಸುಜಿ ಶಿಜುವೊ ಒಸಾಕಾದಲ್ಲಿ ತೆರೆದ ಪಾಕವಿದ್ಯಾಶಾಲೆಗೆ ಪಾಲ್ ಬೊಕ್ಯೂಸರಂಥ ಫ್ರೆಂಚ್ ಬಾಣಸಿಗರು ಕಲಿಸಲು ಹೋದರು, ಕಲಿತೂ ಬಂದರು. 1973ರಲ್ಲಿ ಗೋ ಮತ್ತು ಮಿಯೊ ಎಂಬ ವಿಮರ್ಶಕರು ಸಾರಿದ ‘ಹೊಸ ಅಡುಗೆ’ಯ ಹತ್ತು ಸೂತ್ರಗಳಲ್ಲಿ, ಅತಿಯಾಗಿ ಬೇಯಿಸಬೇಡಿ, ಭಾರವಾದ ಸಾಸು ಬಿಡಿ ಎಂಬವೂ ಇದ್ದವು.

ನಮ್ಮ ಬಾಳೆಯೆಲೆಯ ಮೇಲೆ ಕೋಸಂಬರಿ, ಪಲ್ಯ, ಚಿತ್ರಾನ್ನ ಎಲ್ಲವೂ ಒಟ್ಟಿಗೆ ಕಾಣುತ್ತವೆ. ಅಲ್ಲಿ ಒಂದಾದ ಮೇಲೊಂದರಂತೆ, ದೊಡ್ಡ ತಟ್ಟೆಯಲ್ಲಿ ಮೂರೇ ತುತ್ತು. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ತಿಂದು ಬೆಳೆದವರು ನಗಬಹುದು; ನಾನೂ ನಕ್ಕಿದ್ದೇನೆ. ಆದರೆ ಆ ತಿಳಿಸಾರಿಗೆ ಕೊಡುವ ಬೆಲೆ ನನಗೆ ಅತಿಯೆನಿಸುವುದಿಲ್ಲ.

ಮೊನ್ನೆ ನಮ್ಮ ಮನೆಯಲ್ಲಿ ಹುರುಳಿ ಬೇಯಿಸಿದ ಕಟ್ಟು ಮೋರಿಗೆ ಹೋಯಿತು. ಚೆಲ್ಲಿದವನು ನಾನೇ.