ತುರಿಕೆಯ ಮುಲಾಮೂ ನಮ್ಮ ಹೊಣೆಯೂ

ಚರ್ಮದ ವ್ಯಾಧಿಗಳನ್ನು ನಮ್ಮ ಜನರು ವ್ಯಾಧಿಗಳೆಂದೇ ಎಣಿಸುವುದಿಲ್ಲ. ಜ್ವರ ಬಂದರೆ ವೈದ್ಯರಲ್ಲಿಗೆ ಹೋಗುವವರು ತುರಿಕೆ ಬಂದರೆ ಔಷಧದ ಅಂಗಡಿಗೆ ಹೋಗುತ್ತಾರೆ. ಅಲ್ಲಿ ರೋಗದ ಹೆಸರನ್ನು ಹೇಳಬೇಕಾದುದೂ ಇಲ್ಲ; “ತುರಿಕೆಗೆ ಒಂದು ಟ್ಯೂಬು ಕೊಡಿ” ಎಂದರೆ ಸಾಕು, ಮುಲಾಮು ಕೈಗೆ ಬರುತ್ತದೆ. ಎರಡು ಮೂರು ದಿನಗಳಲ್ಲಿ ನವೆ ಅಡಗುತ್ತದೆ, ಕೆಂಪು ಇಳಿಯುತ್ತದೆ. ಕೊಂಡವರಿಗೂ ಮಾರಿದವರಿಗೂ ಸಮಾಧಾನವಾಗುತ್ತದೆ. ಆ ಸಮಾಧಾನಕ್ಕೆ ಮುಂದೆ ತೆರಬೇಕಾಗುವ ಬೆಲೆಯೇನೆಂಬುದನ್ನು ಇಂದು ವಾಚಕರ ಮುಂದಿಡಬೇಕೆಂದು ನಾವು ಬಯಸುತ್ತೇವೆ.

ಇಂತಹ ಮುಲಾಮುಗಳಲ್ಲಿ ಅನೇಕವುಗಳ ಸತ್ತ್ವವು ಸ್ಟೀರಾಯ್ಡ್ ಎಂಬ ದ್ರವ್ಯ. ನಮ್ಮ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಸ್ರವಿಸುವ ರಸದ ಜಾತಿಗೆ ಇದು ಸೇರಿದುದು. 1948ರಲ್ಲಿ ಅಮೆರಿಕದ ಮೇಯೋ ಚಿಕಿತ್ಸಾಲಯದ ಫಿಲಿಪ್ ಹೆಂಚ್ ಅವರು ಕೀಲುವಾತದಿಂದ ನರಳುತ್ತಿದ್ದ ರೋಗಿಗೆ ಕಾರ್ಟಿಸೋನ್ ಕೊಟ್ಟು ಅದರ ಗುಣವನ್ನು ಕಂಡರು. 1950ರಲ್ಲಿ ಅವರಿಗೂ ಕೆಂಡಾಲ್, ರೈಖ್‌ಸ್ಟೈನ್ ಎಂಬವರಿಗೂ ನೊಬೆಲ್ ಪಾರಿತೋಷಕ ದೊರೆಯಿತು. ಹೈಡ್ರೋಕಾರ್ಟಿಸೋನನ್ನು ಮುಲಾಮಿನ ರೂಪದಲ್ಲಿ ಚರ್ಮಕ್ಕೆ ಹಚ್ಚಿದರೆ ಫಲವುಂಟೆಂಬುದನ್ನು 1952ರಲ್ಲಿ ಸಲ್ಜ್‌ಬರ್ಗರ್ ಮತ್ತು ವಿಟನ್ ಎಂಬ ವೈದ್ಯರು ತೋರಿಸಿಕೊಟ್ಟರು. ಅದುವರೆಗೆ ಡಾಂಬರಿನ ಲೇಪ, ಸತುವಿನ ಲೇಪ ಮೊದಲಾದವುಗಳನ್ನೇ ನಂಬಿದ್ದ ಇಸುಬಿನ ರೋಗಿಗಳಿಗೆ ಇದು ವರವಾಗಿಯೇ ಬಂದಿತು.

ಆದುದರಿಂದ ಮೊದಲು ಹೇಳಬೇಕಾದ ಮಾತು, ಇದು ಕೆಟ್ಟ ಮದ್ದಲ್ಲವೆಂಬುದು. ಸ್ಟೀರಾಯ್ಡ್ ಎಂಬ ಹೆಸರನ್ನು ಕೇಳಿಯೇ ಹೆದರಿ, ವೈದ್ಯರು ಬರೆದುಕೊಟ್ಟುದನ್ನೂ ಹಚ್ಚದೆ ಬಿಡುವ ತಾಯಂದಿರುಂಟು. ಮಗುವು ರಾತ್ರಿಯೆಲ್ಲ ಕೆರೆದುಕೊಂಡು, ಚರ್ಮ ಒಡೆದು, ಕೀವು ಸೇರುವುದು ಆ ಹೆದರಿಕೆಯ ಫಲ. ಇಸುಬು, ಸೋರಿಯಾಸಿಸ್ ಮೊದಲಾದ ಉರಿ-ಊತದ ರೋಗಗಳಲ್ಲಿ, ತಕ್ಕ ಬಲದ ಮುಲಾಮನ್ನು ತಕ್ಕಷ್ಟು ದಿನ ಹಚ್ಚಿದರೆ ಒಳ್ಳೆಯದೇ ಆಗುತ್ತದೆ.

ಬಲವೆಂದೆವು, ವಿಷಯದ ಮರ್ಮವಿರುವುದು ಅದರಲ್ಲಿಯೇ. ಹೈಡ್ರೋಕಾರ್ಟಿಸೋನ್ ಬಲಹೀನವಾದುದು, ಕ್ಲೋಬೆಟಸಾಲ್ ಅತಿ ಪ್ರಬಲವಾದುದು. ಅಂಗಾಲು ಅಂಗೈಗಳ ದಪ್ಪ ಚರ್ಮವು ತಾಳುವ ಮದ್ದನ್ನು ಕಣ್ಣೆವೆ, ಮುಖ, ತೊಡೆಸಂದುಗಳ ತೆಳು ಚರ್ಮವು ತಾಳದು. ಎಷ್ಟು ಹಚ್ಚಬೇಕೆಂಬುದಕ್ಕೂ ಸುಲಭವಾದ ಅಳತೆಯುಂಟು: ದೊಡ್ಡವರ ತೋರುಬೆರಳಿನ ತುದಿಯ ಗೆಣ್ಣಿನಷ್ಟು ಉದ್ದಕ್ಕೆ ಟ್ಯೂಬಿನಿಂದ ಹಿಂಡಿದ ಮುಲಾಮು ಸುಮಾರು ಅರ್ಧ ಗ್ರಾಂ ಆಗುತ್ತದೆ, ಅದು ಬೆರಳುಗಳೂ ಸೇರಿದಂತೆ ಎರಡು ಅಂಗೈಗಳಷ್ಟು ಚರ್ಮಕ್ಕೆ ಸಾಕು. ದಿನಕ್ಕೆ ಒಮ್ಮೆ ಅಥವಾ ಎರಡು ಸಲ, ಉರಿ ಅಡಗುವವರೆಗೆ ಹಚ್ಚಿ, ಬಳಿಕ ವೈದ್ಯರು ಹೇಳಿದಂತೆ ಕಡಿಮೆ ಮಾಡುವುದು ಕ್ರಮ. ಈ ಕ್ರಮವನ್ನು ಮೀರಿ ತಿಂಗಳುಗಟ್ಟಲೆ ಹಚ್ಚಿದವರ ಚರ್ಮವು ಕಾಗದದಂತೆ ತೆಳುವಾಗುತ್ತದೆ. ನರಗಳು ಎದ್ದು ಕಾಣುತ್ತವೆ. ತೊಡೆಸಂದು ಕಂಕುಳುಗಳಲ್ಲಿ ಎಂದಿಗೂ ಮಾಸದ ಬರೆಗಳು ಬೀಳುತ್ತವೆ.

ಹುಳುಕಡ್ಡಿಯ ವಿಷಯದಲ್ಲಿ ಕೇಡು ಇನ್ನೂ ದೊಡ್ಡದು. ಇದು ಶಿಲೀಂಧ್ರದಿಂದ ಬರುವ ರೋಗ. ಸ್ಟೀರಾಯ್ಡ್ ಆ ಶಿಲೀಂಧ್ರವನ್ನು ಕೊಲ್ಲುವುದಿಲ್ಲ. ಅದರೊಡನೆ ಹೋರಾಡುತ್ತಿರುವ ನಮ್ಮ ಶರೀರವನ್ನೇ ಸುಮ್ಮನಿರಿಸುತ್ತದೆ. ಕಾವಲುಗಾರನ ಬಾಯಿಗೆ ಬಟ್ಟೆ ತುರುಕಿದಂತೆ ತುರಿಕೆ ನಿಲ್ಲುತ್ತದೆ, ಕಳ್ಳನು ಮನೆಯೊಳಗೇ ಉಳಿಯುತ್ತಾನೆ. ಮುಲಾಮು ಬಿಟ್ಟೊಡನೆ ರೋಗವು ಮೊದಲಿಗಿಂತ ಹೆಚ್ಚಾಗಿ ಹರಡುತ್ತದೆ. ಅದರ ಉಂಗುರದ ಆಕಾರವೂ ಕೆಟ್ಟು, ವೈದ್ಯರಿಗೆ ಗುರುತು ಸಿಗದಂತಾಗುತ್ತದೆ. ಸ್ಟೀರಾಯ್ಡ್, ಶಿಲೀಂಧ್ರನಾಶಕ, ಕ್ರಿಮಿನಾಶಕ ಮೂರನ್ನೂ ಒಂದೇ ಟ್ಯೂಬಿನಲ್ಲಿ ಬೆರೆಸಿ ಮಾರುವ ಮುಲಾಮುಗಳು ನಮ್ಮ ದೇಶದಲ್ಲಿ ಈ ಅನರ್ಥವನ್ನು ಬೆಳೆಸಿವೆ. ಸಾಮಾನ್ಯ ಮಾತ್ರೆಗೆ ಹಲವು ವೇಳೆ ಬಗ್ಗದ ಹುಳುಕಡ್ಡಿಯ ಒಂದು ಶಿಲೀಂಧ್ರಕ್ಕೆ 2020ರಲ್ಲಿ ವಿಜ್ಞಾನಿಗಳು ಇಟ್ಟ ಹೆಸರು ಟ್ರೈಕೊಫೈಟನ್ ಇಂಡೋಟಿನಿಯೆ. ಆ ಹೆಸರಿನಲ್ಲಿ ನಮ್ಮ ದೇಶದ ಹೆಸರೂ ಸೇರಿಹೋಗಿದೆ. ಈ ಹಾವಳಿಗೆ ಮುಲಾಮುಗಳ ದುರುಪಯೋಗವೂ ಒಂದು ಕಾರಣವೆಂದು ಚರ್ಮವೈದ್ಯರು ಹೇಳುತ್ತಾರೆ. ಇಂತಹ ಕೀರ್ತಿಯನ್ನು ನಾವು ಬಯಸಿದ್ದೆವೆ?

ಇದಕ್ಕಿಂತ ಲಜ್ಜಾಸ್ಪದವಾದ ಸಂಗತಿ ಇನ್ನೊಂದುಂಟು. ಸ್ಟೀರಾಯ್ಡ್ ಹಚ್ಚಿದಲ್ಲಿ ಚರ್ಮ ತುಸು ಬಿಳುಪೇರುವುದನ್ನು ಕಂಡು, ಮುಖ ಬೆಳ್ಳಗಾಗಲೆಂದು ನಿತ್ಯವೂ ಹಚ್ಚುವವರಿದ್ದಾರೆ. ವರನ ಕಡೆಯವರು ನೋಡಲು ಬರುವರೆಂದು ಹೆಣ್ಣುಮಗಳ ಮುಖಕ್ಕೆ ಮನೆಯ ಹಿರಿಯರೇ ಇದನ್ನು ತಂದುಕೊಡುವುದುಂಟು. ಕೆಲವು ತಿಂಗಳುಗಳಲ್ಲಿ ಆ ಮುಖದಲ್ಲಿ ಮೊಡವೆ, ಕೆಂಪು, ಕೂದಲು, ಬಿಸಿಲು ತಾಗಿದರೆ ಉರಿ. ಬಿಟ್ಟರೆ ಉರಿ ಇಮ್ಮಡಿ. ಹೀಗಾದವರು ತಾವಾಗಿಯೇ ಏನನ್ನೂ ಮಾಡದೆ ವೈದ್ಯರಿಗೆ ತೋರಿಸಿಕೊಳ್ಳಬೇಕು. ಬಿಳಿಯರ ಆಳಿಕೆ 1947ರಲ್ಲಿ ತೊಲಗಿತು. ಬಿಳಿಯ ಬಣ್ಣದ ಆಳಿಕೆ ನಮ್ಮ ಮನಸ್ಸಿನಿಂದ ಇನ್ನೂ ತೊಲಗಿಲ್ಲ. ನಮ್ಮ ಹೆಣ್ಣುಮಕ್ಕಳ ಮೈಬಣ್ಣವನ್ನು ರೋಗವೆಂದು ತಿಳಿದು ಮದ್ದು ಹಚ್ಚುವ ಜನಾಂಗವು ಸ್ವಾಭಿಮಾನದ ಮಾತನ್ನು ಯಾವ ಬಾಯಿಂದ ಆಡಬೇಕು?

ಕಾಯಿದೆ ಇಲ್ಲವೆಂದಲ್ಲ. 1940ರ ಔಷಧ ಮತ್ತು ಪ್ರಸಾಧನ ದ್ರವ್ಯಗಳ ಕಾಯಿದೆಯೂ 1945ರ ನಿಯಮಗಳೂ ಇವೆ. ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಗಳ ಪಟ್ಟಿಯಲ್ಲಿ ಮೇಲೆ ಹಚ್ಚುವ ಮದ್ದುಗಳಿಗೆ ವಿನಾಯಿತಿಯಿದ್ದುದು ದುರುಪಯೋಗಕ್ಕೆ ಹೆಬ್ಬಾಗಿಲಾಗಿತ್ತು. ಚರ್ಮವೈದ್ಯರು ಬಹುಕಾಲ ಮೊರೆಯಿಟ್ಟ ಮೇಲೆ, 2018ರಲ್ಲಿ ಕೇಂದ್ರ ಸರಕಾರವು ಮೇಲೆ ಹಚ್ಚುವ 14 ಸ್ಟೀರಾಯ್ಡುಗಳನ್ನು ಆ ಕಟ್ಟಿಗೆ ಒಳಪಡಿಸಿತು. ಆದರೆ ಪಟ್ಟಿಯಲ್ಲಿರುವುದು ಒಂದು, ಪೇಟೆಯಲ್ಲಿ ನಡೆಯುವುದು ಒಂದು. ಚೀಟಿ ಕೇಳುವ ಅಂಗಡಿಕಾರನು ಗಿರಾಕಿಯನ್ನು ಕಳೆದುಕೊಳ್ಳುತ್ತಾನೆ, ಕೇಳದವನು ಗಳಿಸುತ್ತಾನೆ ಎಂಬ ಸ್ಥಿತಿ ಇರುವವರೆಗೆ ಕಾಯಿದೆಯು ಕಾಗದದ ಮೇಲೆಯೇ ಉಳಿಯುವುದು.

ಅಂಗಡಿಕಾರರನ್ನೊಬ್ಬರನ್ನೇ ದೂರಿ ಫಲವಿಲ್ಲ. ಗದ್ದೆಯಲ್ಲಿ, ಕಾರಖಾನೆಯಲ್ಲಿ ಬೆವರಿ ದುಡಿಯುವ ಬಡವನು ಒಂದು ದಿನದ ಕೂಲಿ ಬಿಟ್ಟು, ದೂರದ ಪಟ್ಟಣಕ್ಕೆ ಹೋಗಿ, ಚರ್ಮವೈದ್ಯರಿಗಾಗಿ ಕಾಯಬೇಕೆಂದರೆ ಅವನು ಹತ್ತಿರದ ಅಂಗಡಿಯ ಟ್ಯೂಬನ್ನೇ ಕೊಳ್ಳುವನು. ಇದು ಅವನ ಮೂಢತನವಲ್ಲ, ಬಡತನ. ತಾಲೂಕು ಆಸ್ಪತ್ರೆಗಳಲ್ಲಿ ವಾರಕ್ಕೊಂದು ದಿನವಾದರೂ ಚರ್ಮರೋಗಗಳ ಪರೀಕ್ಷೆಯ ಏರ್ಪಾಡು ತಪ್ಪದೆ ಇರಬೇಕು. ಔಷಧ ಪರಿವೀಕ್ಷಕರು ಅಂಗಡಿಗಳ ದಫ್ತರನ್ನು ನೋಡುವಾಗ ಈ ಟ್ಯೂಬುಗಳ ಲೆಕ್ಕವನ್ನೂ ಕೇಳಬೇಕು. ಓದುಬರಹ ಬಲ್ಲ ಗೃಹಸ್ಥರು ತಮ್ಮ ಮನೆಯ ಕಪಾಟಿನಲ್ಲಿರುವ ಟ್ಯೂಬಿನ ಮೇಲಿನ ಹೆಸರನ್ನು ಇಂದೇ ಓದಿ ನೋಡಬೇಕು; ಒಬ್ಬರಿಗೆ ಬರೆದ ಮದ್ದನ್ನು ಇನ್ನೊಬ್ಬರಿಗೆ ಹಚ್ಚುವುದನ್ನು ಬಿಡಬೇಕು.

ತುರಿಕೆ ನಿಂತ ಮಾತ್ರಕ್ಕೆ ರೋಗ ಹೋಯಿತೆಂದು ಎಣಿಸಬಾರದೆಂಬ ಇಷ್ಟು ತಿಳಿವಳಿಕೆಯು ನಮ್ಮ ಜನರಲ್ಲಿ ಹರಡಿದರೆ, ಒಳ್ಳೆಯ ಮದ್ದೊಂದು ಒಳ್ಳೆಯ ಮದ್ದಾಗಿಯೇ ಉಳಿದೀತು. ಸಂಬಂಧಪಟ್ಟ ಅಧಿಕಾರಿಗಳು ಇತ್ತ ಕಡೆ ಲಕ್ಷ್ಯವಿಡುವರೆಂದು ನಾವು ನಂಬುತ್ತೇವೆ.