ಕೈಯಾರೆ ಮಾಡಿದ ಶುಭಾಶಯ ಪತ್ರ

ಸಂಕ್ರಾಂತಿಗೆ ಎಳ್ಳು ಹಂಚಿ ಒಳ್ಳೆಯ ಮಾತನ್ನು ಬೇಡುವ ಪದ್ಧತಿ ಕನ್ನಡಿಗರಲ್ಲಿಯೂ ಮರಾಠಿಗರಲ್ಲಿಯೂ ಉಂಟು. ನಾಗಪುರದ ಮನೀಶ್ ನಗರದಂತಹ ಬಡಾವಣೆಗಳಲ್ಲಿ ನೆಲೆಸಿರುವ ನಮ್ಮವರು ಹಬ್ಬಕ್ಕೆ ಮೊದಲು ನಾಲ್ಕಾರು ಮಂದಿ ಒಂದೆಡೆ ಕಲೆತು, ಊರಿನವರಿಗಾಗಿ ಶುಭಾಶಯ ಪತ್ರಗಳನ್ನು ತಾವೇ ತಯಾರಿಸಬಹುದು. ಪರಸ್ಥಳದಲ್ಲಿ ಹಿರಿಯರನ್ನು ಕಾಡುವ ಒಂಟಿತನಕ್ಕೂ ಇದರಿಂದ ತುಸು ಉಪಶಮನವುಂಟು.

ಹಳೆಯ ಲಗ್ನಪತ್ರಿಕೆಗಳ ದಪ್ಪ ಕಾಗದ, ಕತ್ತರಿ, ಅಂಟು, ಬಣ್ಣ ಇಷ್ಟೇ ಸಾಕು. ಕಾಗದದ ನಾರು ಓಡುವ ದಿಕ್ಕಿನಲ್ಲಿ ಮಡಿಸಿದರೆ ಮಡಿಕೆ ಬಿರಿಯದು. ಕತ್ತರಿಸುವುದು, ಮಡಿಸುವುದು ಬೆರಳುಗಳಿಗೆ ಹಿತವಾದ ಚಲನೆ. ಆದರೆ ಸಂಧಿವಾತಕ್ಕೆ ಇದು ಔಷಧವಲ್ಲ. ಕೀಲುನೋವಿರುವವರು ದೊಡ್ಡ ಹಿಡಿಯ ಕತ್ತರಿಯನ್ನು ಬಳಸಲಿ. ಅರ್ಧ ಗಂಟೆಗೊಮ್ಮೆ ಎದ್ದು ನಡೆದಾಡಲಿ. ಬೆಳಕು ಚೆನ್ನಾಗಿರಲಿ.

ಚಿತ್ರ ಬಿಡಿಸಲು ಬಾರದೆಂದು ಹಿಂಜರಿಯಬೇಕಾಗಿಲ್ಲ. 1949ರಲ್ಲಿ ಯುನಿಸೆಫ್ ಹೊರತಂದ ಮೊದಲ ಶುಭಾಶಯ ಪತ್ರದ ಚಿತ್ರವನ್ನು ಬರೆದವಳು ಚೆಕೊಸ್ಲೊವಾಕಿಯದ ಏಳು ವರ್ಷದ ಬಾಲಕಿ, ಜಿಟ್ಕಾ ಸಾಮ್ಕೋವಾ. ಯುದ್ಧಾನಂತರ ದೊರೆತ ನೆರವಿಗೆ ಕೃತಜ್ಞತೆಯಾಗಿ, ಕಾಗದವಿಲ್ಲದೆ ಗಾಜಿನ ಮೇಲೆ ಬರೆದ ಚಿತ್ರವದು.

ಅನ್ಯಭಾಷೆಯ ಶಾಲೆಗಳಲ್ಲಿ ಓದುವ ಮೊಮ್ಮಕ್ಕಳನ್ನೂ ಜೊತೆಗೆ ಕುಳ್ಳಿರಿಸಿಕೊಳ್ಳಿರಿ. ವಿಳಾಸ ಯಾವ ಲಿಪಿಯಲ್ಲಿದ್ದರೂ ಒಳಗಿನ ಎರಡು ಸಾಲು ಕನ್ನಡದಲ್ಲಿರಲಿ. ಅಜ್ಜಿ ಬರೆದುದನ್ನು ನೋಡಿ ಮಗು ಬರೆಯಲಿ. ವರ್ಷಕ್ಕೊಮ್ಮೆಯಾದರೂ ಕನ್ನಡ ಬರೆಯುವ ಕೈಯೊಂದು ಮನೆಯಲ್ಲಿ ಉಳಿದೀತು.