ಗಡಿ ದಾಟುವ ಹಣಕ್ಕೆ ಕಾಣದ ಸುಂಕ

ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ಹತ್ತು ಮಂದಿ ಕೂತು ಅಮೆರಿಕದ ಕಂಪನಿಯೊಂದಕ್ಕೆ ಸಾಫ್ಟ್‌ವೇರ್ ಬರೆದುಕೊಡುವ ಸಣ್ಣ ಕಚೇರಿ ಇದೆ ಎಂದುಕೊಳ್ಳಿ. ತಿಂಗಳ ಕೊನೆಗೆ 10,000 ಡಾಲರಿನ ಬಿಲ್ ಹೋಗುತ್ತದೆ. ಲೆಕ್ಕದ ಸುಲಭಕ್ಕೆ ಆ ದಿನ ಪೇಟೆಯಲ್ಲಿ ಡಾಲರಿಗೆ 85 ರೂಪಾಯಿ ಎಂದಿಟ್ಟುಕೊಳ್ಳೋಣ. ಬರಬೇಕಾದದ್ದು 8,50,000 ರೂಪಾಯಿ. ದಾರಿಯಲ್ಲಿ ಮಧ್ಯವರ್ತಿ ಬ್ಯಾಂಕೊಂದು 25 ಡಾಲರ್ ಮುರಿದುಕೊಂಡಿತು. ಇಲ್ಲಿನ ಬ್ಯಾಂಕು 83.50ರ ದರ ಹಾಕಿತು. ಖಾತೆಗೆ ಬಿದ್ದದ್ದು 8,32,912 ರೂಪಾಯಿ. ಹದಿನೇಳು ಸಾವಿರ ದಾರಿಯಲ್ಲೇ ಕರಗಿತು.

ಇದರಲ್ಲಿ ಶುಲ್ಕವೆಂದು ಹೇಳಿಕೊಳ್ಳಬಹುದಾದದ್ದು ಎರಡು ಸಾವಿರ ಚಿಲ್ಲರೆ. ಉಳಿದ ಹದಿನೈದು ಸಾವಿರ ವಿನಿಮಯ ದರದೊಳಗೆ ಸೇರಿಹೋಗಿದೆ. ಅದಕ್ಕೆ ರಸೀದಿ ಇಲ್ಲ, ಪ್ರತ್ಯೇಕ ಸಾಲು ಇಲ್ಲ. ವರ್ಷಕ್ಕೆ ಹನ್ನೆರಡು ಬಿಲ್ ಎಂದರೆ ಎರಡು ಲಕ್ಷಕ್ಕೂ ಮೀರಿದ ಮೊತ್ತ. ಹತ್ತು ಮಂದಿಯ ಕಚೇರಿಯಲ್ಲಿ ಹೊಸಬನೊಬ್ಬನಿಗೆ ಹಲವು ತಿಂಗಳ ಸಂಬಳವಾಗುವಷ್ಟು ಹಣವದು. ಫಿನ್‌ಟೆಕ್ ಕಂಪನಿಗಳ ಒಂದು ದೊಡ್ಡ ಗುಂಪು ಹುಟ್ಟಿ ಬೆಳೆದದ್ದೇ ಈ ಕಾಣದ ಹಣದ ಮೇಲೆ ಕಣ್ಣಿಟ್ಟು.

ಇಷ್ಟೊಂದು ಸೋರಿಕೆ ಯಾಕೆ? ನಾವು 'ಸ್ವಿಫ್ಟ್ ಮೂಲಕ ಹಣ ಬಂತು' ಎನ್ನುತ್ತೇವೆ. ಸ್ವಿಫ್ಟ್ ಹಣವನ್ನು ಒಯ್ಯುವುದೇ ಇಲ್ಲ. 1973ರಲ್ಲಿ 15 ದೇಶಗಳ 239 ಬ್ಯಾಂಕುಗಳು ಸೇರಿ ಬೆಲ್ಜಿಯಂನಲ್ಲಿ ಕಟ್ಟಿಕೊಂಡ ಈ ಸಂಸ್ಥೆ ಒಯ್ಯುವುದು ಸಂದೇಶವನ್ನು ಮಾತ್ರ: ಇಂಥವರ ಖಾತೆಯಿಂದ ಕಳೆ, ಇಂಥವರಿಗೆ ಜಮಾ ಮಾಡು ಎಂಬ ಸೂಚನೆಯನ್ನು. ಹಣದ ಲೆಕ್ಕ ನಡೆಯುವುದು ಬ್ಯಾಂಕುಗಳು ಒಂದರಲ್ಲೊಂದು ಇಟ್ಟುಕೊಂಡಿರುವ ನಾಸ್ಟ್ರೋ ಖಾತೆಗಳಲ್ಲಿ. ಅಮೆರಿಕದ ಸಣ್ಣ ಬ್ಯಾಂಕಿಗೂ ನಮ್ಮೂರಿನ ಬ್ಯಾಂಕಿಗೂ ನೇರ ಸಂಬಂಧ ಇರುವುದಿಲ್ಲ. ನಡುವೆ ನ್ಯೂಯಾರ್ಕಿನ ದೊಡ್ಡ ಬ್ಯಾಂಕೊಂದು, ಕೆಲವೊಮ್ಮೆ ಎರಡು ಬರುತ್ತವೆ. ಪ್ರತಿಯೊಂದಕ್ಕೂ ತನ್ನ ಕೂಲಿ, ತನ್ನ ರಜೆ, ತನ್ನ ತಪಾಸಣೆ.

ಈ ವ್ಯವಸ್ಥೆ ಎಚ್ಚರಿಕೆಯಿಂದ ನಿಧಾನವಾದದ್ದಕ್ಕೂ ಕಾರಣವಿದೆ. 1974ರ ಜೂನ್ 26ರಂದು ಜರ್ಮನಿಯ ಕಲೋನ್ ನಗರದ ಹೆರ್‌ಸ್ಟಾಟ್ ಬ್ಯಾಂಕನ್ನು ಅಲ್ಲಿನ ಅಧಿಕಾರಿಗಳು ಮುಚ್ಚಿಸಿದರು. ಜರ್ಮನಿಯಲ್ಲಿ ಅದಕ್ಕೆ ಮಾರ್ಕ್ ಕೊಟ್ಟಿದ್ದ ಬ್ಯಾಂಕುಗಳು ಪ್ರತಿಯಾಗಿ ನ್ಯೂಯಾರ್ಕಿನಲ್ಲಿ ಡಾಲರ್ ಪಡೆಯಬೇಕಿತ್ತು. ಅಲ್ಲಿ ಇನ್ನೂ ಬೆಳಗಿನ ಹೊತ್ತು. ಕೊಟ್ಟದ್ದು ಹೋಯಿತು, ಬರಬೇಕಾದದ್ದು ಬರಲಿಲ್ಲ. ಎರಡು ಕರೆನ್ಸಿಗಳನ್ನು ಒಟ್ಟೊಟ್ಟಿಗೇ ಕೈಬದಲಿಸುವ ಸಿಎಲ್‌ಎಸ್ ಎಂಬ ವ್ಯವಸ್ಥೆ ಚಾಲೂ ಆದದ್ದು 2002ರಲ್ಲಿ. ದೊಡ್ಡ ಬ್ಯಾಂಕುಗಳ ಅಪಾಯಕ್ಕೆ ಅಷ್ಟಾದರೂ ಪರಿಹಾರ ಸಿಕ್ಕಿತು. ಸಣ್ಣ ವ್ಯಾಪಾರಿಯ ಸೋರಿಕೆಯ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ತಲೆ ಕೆಡಿಸಿಕೊಂಡವರು ಲಂಡನ್ನಿನಲ್ಲಿದ್ದ ಇಬ್ಬರು ಎಸ್ಟೋನಿಯನ್ನರು. ಸ್ಕೈಪ್‌ನ ಮೊದಲ ನೌಕರ ತಾವೆತ್ ಹಿನ್ರಿಕುಸ್‌ಗೆ ಸಂಬಳ ಯೂರೋದಲ್ಲಿ, ಖರ್ಚು ಪೌಂಡಿನಲ್ಲಿ. ಸಲಹೆಗಾರ ಕ್ರಿಸ್ತೊ ಕ್ಯಾರ್ಮನ್‌ಗೆ ಸಂಬಳ ಪೌಂಡಿನಲ್ಲಿ, ಮನೆ ಸಾಲದ ಕಂತು ಎಸ್ಟೋನಿಯಾದಲ್ಲಿ. ಗೆಳೆಯರಿಬ್ಬರೂ ಆ ದಿನದ ಪೇಟೆ ದರ ನೋಡಿ ಒಬ್ಬ ಇನ್ನೊಬ್ಬನ ಖಾತೆಗೆ ಹಾಕತೊಡಗಿದರು. ಪೌಂಡು ಬ್ರಿಟನ್ನಿನಲ್ಲೇ ಉಳಿಯಿತು, ಯೂರೋ ಎಸ್ಟೋನಿಯಾದಲ್ಲೇ ಉಳಿಯಿತು, ಗಡಿಯನ್ನು ಯಾವ ಹಣವೂ ದಾಟಲಿಲ್ಲ. 2011ರಲ್ಲಿ ಇದೇ ಟ್ರಾನ್ಸ್‌ಫರ್‌ವೈಸ್ ಆಯಿತು, 2021ರಲ್ಲಿ ಹೆಸರು ವೈಸ್ ಎಂದಾಯಿತು, ಅದೇ ವರ್ಷ ಜುಲೈನಲ್ಲಿ ಲಂಡನ್ ಷೇರುಪೇಟೆಗೆ ಬಂತು. ಅದರ ಬೆಳವಣಿಗೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು 2018ರ ಘಟನೆ. ಬ್ಯಾಂಕಲ್ಲದ ಈ ಕಂಪನಿಗೆ ಬ್ಯಾಂಕ್ ಆಫ್ ಇಂಗ್ಲೆಂಡ್ ನೇರ ಇತ್ಯರ್ಥ ಖಾತೆ ಕೊಟ್ಟಿತು. ಪೌಂಡಿನ ಪಾವತಿಗೆ ಅದು ದೊಡ್ಡ ಬ್ಯಾಂಕುಗಳ ಬಾಗಿಲಲ್ಲಿ ನಿಲ್ಲಬೇಕಾದ ಅಗತ್ಯ ತಪ್ಪಿತು. ದರ ಇಳಿದದ್ದು ಜಾಣ ಆ್ಯಪ್‌ನಿಂದಷ್ಟೇ ಅಲ್ಲ, ಕೇಂದ್ರೀಯ ಬ್ಯಾಂಕು ಬಾಗಿಲು ತೆರೆದದ್ದರಿಂದಲೂ ಹೌದು.

ಮೆಲ್ಬರ್ನ್‌ನ ಏರ್‌ವಾಲೆಕ್ಸ್ ವ್ಯಾಪಾರಿಗಳಿಗೆಂದೇ ಹುಟ್ಟಿತು. ಅದರ ಸ್ಥಾಪಕರಲ್ಲಿ ಕೆಲವರು ಅಲ್ಲಿ ಕಾಫಿ ಅಂಗಡಿ ನಡೆಸುತ್ತಿದ್ದರು. ಚೀನಾದಿಂದ ಸಾಮಾನು ತರಿಸಿ ಹಣ ಕಳಿಸುವಾಗ ಬ್ಯಾಂಕು ಹಿಡಿಯುತ್ತಿದ್ದ ಹಣ ಕಂಡು ಬೇಸತ್ತು 2015ರಲ್ಲಿ ಕಂಪನಿ ಕಟ್ಟಿದರು. ಇಂಥ ಕಂಪನಿಗಳು ಈಗ 'ಟ್ರೆಷರಿ' ಸೇವೆಯನ್ನೂ ಮಾರುತ್ತವೆ. ಯಾವ ಕರೆನ್ಸಿಯಲ್ಲಿ ಎಷ್ಟು ಇಟ್ಟುಕೊಳ್ಳಬೇಕು, ಯಾವಾಗ ಬದಲಿಸಬೇಕು, ಮುಂದಿನ ತಿಂಗಳ ಬಾಕಿಗೆ ಇವತ್ತೇ ದರ ಕಟ್ಟಿಕೊಳ್ಳಬೇಕೇ ಎಂಬುದನ್ನು ನೋಡಿಕೊಳ್ಳುವ ಕೆಲಸವದು. ಇನ್ಫೋಸಿಸ್‌ನಂಥ ಕಂಪನಿಯಲ್ಲಿ ಇದಕ್ಕೆ ಇಲಾಖೆಯೇ ಇರುತ್ತದೆ. ಹತ್ತು ಮಂದಿಯ ಕಚೇರಿಯಲ್ಲಿ ಸಂಬಳ ಹಾಕುವ ಅಕೌಂಟೆಂಟ್‌ ತಲೆಯ ಮೇಲೆ ಇದೂ ಬೀಳುತ್ತದೆ. ಡಾಲರ್, ಯೂರೋ, ಪೌಂಡುಗಳಲ್ಲಿ ಬೇರೆ ಬೇರೆ ಖಾತೆ, ಡಾಲರಿನಲ್ಲಿ ಬಂದದ್ದರಿಂದಲೇ ಡಾಲರಿನ ಕ್ಲೌಡ್ ಬಿಲ್ ಕಟ್ಟುವ ಅನುಕೂಲ, ಒಂದೇ ಪರದೆಯಲ್ಲಿ ಎಲ್ಲ ಲೆಕ್ಕ: ಹೊರದೇಶಗಳಲ್ಲಿ ಈ ಕಂಪನಿಗಳು ಕೊಡುವುದು ಇದನ್ನು.

ನಮ್ಮಲ್ಲಿ ಇದು ಹಾಗೇ ಬರಲಾಗದು. ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ, ಅಂದರೆ ಫೆಮಾ ಇದೆ. ರಫ್ತುದಾರರು ಗಳಿಸಿದ ಡಾಲರನ್ನು ಬ್ಯಾಂಕಿನಲ್ಲಿ ಇಇಎಫ್‌ಸಿ ಖಾತೆ ತೆರೆದು ಇಡಬಹುದು. ಆದರೆ ಅದಕ್ಕೆ ಬಡ್ಡಿ ಇಲ್ಲ. ಈ ತಿಂಗಳು ಬಂದದ್ದರಲ್ಲಿ ಖರ್ಚಿಗೆ ಬೇಕಿಲ್ಲದ್ದನ್ನು ಮುಂದಿನ ತಿಂಗಳ ಕೊನೆಯೊಳಗೆ ರೂಪಾಯಿಗೆ ಬದಲಿಸಬೇಕೆಂಬ ನಿಯಮವೂ ಬಂದಿದೆ. ಹಣ ಹೊರಗೇ ಕೂರಬಾರದೆಂಬ ಸರ್ಕಾರದ ಕಾಳಜಿ ಅರ್ಥವಾಗುವಂಥದ್ದು. 1991ರಲ್ಲಿ ಚಿನ್ನ ಅಡವಿಟ್ಟು ಡಾಲರ್ ತಂದ ದೇಶ ನಮ್ಮದು.

ರಿಸರ್ವ್ ಬ್ಯಾಂಕ್ 2023ರ ಅಕ್ಟೋಬರ್ 31ರಂದು ಗಡಿಯಾಚೆಗಿನ ಪಾವತಿ ಸಂಗ್ರಾಹಕರನ್ನು ನೇರವಾಗಿ ತನ್ನ ಹಿಡಿತಕ್ಕೆ ತಂದುಕೊಂಡಿತು. ಈ ಕೆಲಸ ಮಾಡಲು ಪಿಎ-ಸಿಬಿ ಎಂದು ಕರೆಯುವ ಅದರ ಅನುಮತಿ ಬ್ಯಾಂಕೇತರ ಕಂಪನಿಗಳಿಗೆ ಕಡ್ಡಾಯ. 2023ರ ಆ ನಿಯಮ ಒಂದು ಸರಕು ಅಥವಾ ಸೇವೆಯ ಘಟಕಕ್ಕೆ 25 ಲಕ್ಷ ರೂಪಾಯಿಯ ಮಿತಿ ಹಾಕಿತ್ತು. ಬೆಂಗಳೂರಿನ ಕ್ಯಾಶ್‌ಫ್ರೀ 2024ರಲ್ಲೇ ಈ ಅನುಮತಿ ಪಡೆಯಿತು. ಸಣ್ಣ ರಫ್ತುದಾರರನ್ನೇ ಗುರಿಯಾಗಿಟ್ಟುಕೊಂಡ ಸ್ಕೈಡೊ ಕೂಡ ಇದೇ ಊರಿನದು. ಇವರು ಮಾಡುವ ಕೆಲಸ ಸರಳ. ಅಮೆರಿಕದ ಗಿರಾಕಿಗೆ ಅಮೆರಿಕದ್ದೇ ಖಾತೆ ಸಂಖ್ಯೆ ಕೊಡುತ್ತಾರೆ, ಅವನು ಊರೊಳಗಿನ ವರ್ಗಾವಣೆಯಂತೆ ಕಟ್ಟುತ್ತಾನೆ. ಅಂಥ ಅನೇಕ ಪಾವತಿಗಳನ್ನು ಒಟ್ಟುಗೂಡಿಸಿ ಇಲ್ಲಿಗೆ ತರುತ್ತಾರೆ. ಮಧ್ಯವರ್ತಿ ಬ್ಯಾಂಕು ಪ್ರತಿ ಬಿಲ್ಲಿನಿಂದ ಮುರಿದುಕೊಳ್ಳುವುದು ತಪ್ಪುತ್ತದೆ.

ಹಣದಷ್ಟೇ ಮುಖ್ಯವಾದದ್ದು ಕಾಗದ. ಸೇವಾ ರಫ್ತಿಗೆ ಜಿಎಸ್‌ಟಿ ಶೂನ್ಯ, ಆದರೆ ಸಾಮಾನ್ಯವಾಗಿ ಹಣ ವಿದೇಶಿ ವಿನಿಮಯದಲ್ಲಿ ಬಂತೆಂದು ತೋರಿಸಬೇಕು. ಅದಕ್ಕೆ ಎಫ್‌ಐಆರ್‌ಎ ಎಂಬ ಒಳಬಂದ ಹಣದ ಸೂಚನಾಪತ್ರ ಬೇಕು. ಅದರಲ್ಲಿ ಉದ್ದೇಶ ಸಂಕೇತ ಸರಿಯಿರಬೇಕು. ಸಾಫ್ಟ್‌ವೇರ್ ಸಲಹೆಗೆ ಪಿ0802. ಈ ಒಂದು ಹಾಳೆಗಾಗಿ ಶಾಖೆಯಿಂದ ಶಾಖೆಗೆ ಅಲೆಯುವ ಸಣ್ಣ ಉದ್ಯಮಿಗಳ ಗೋಳು ಆಡಿಟರುಗಳ ಕಚೇರಿಯಲ್ಲಿ ಕೂತರೆ ಕೇಳಿಸುತ್ತದೆ. ಆ ಹಾಳೆ ತಾನಾಗಿ ಇಮೇಲಿಗೆ ಬರುವಂತೆ ಮಾಡಿದ್ದೇ ಫಿನ್‌ಟೆಕ್‌ಗಳು ಮಾಡಿದ ದೊಡ್ಡ ಉಪಕಾರ ಎಂದು ನಾನು ಎಣಿಸುತ್ತೇನೆ. ದರದ ಉಳಿತಾಯ ಆಮೇಲಿನದು.

ಹಾಗೆಂದು ಹೊಸಬರನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಪಾರದರ್ಶಕತೆಯನ್ನೇ ಧ್ವಜವಾಗಿ ಹಿಡಿದ ವೈಸ್ ಮೇಲೂ 2025ರ ಜನವರಿಯಲ್ಲಿ ಅಮೆರಿಕದ ಗ್ರಾಹಕ ಹಣಕಾಸು ರಕ್ಷಣಾ ಸಂಸ್ಥೆ ಎಟಿಎಂ ಶುಲ್ಕದ ತಪ್ಪು ಜಾಹೀರಾತಿಗೆ ಕ್ರಮ ಜರುಗಿಸಿತು. ದಂಡದ ಮೊತ್ತವನ್ನು ಆಮೇಲೆ ಇಳಿಸಲಾಯಿತು. ಅದಕ್ಕಿಂತ ಗಂಭೀರವಾದದ್ದು 2024ರ ಏಪ್ರಿಲ್‌ನಲ್ಲಿ ದಿವಾಳಿಯಾದ ಸಿನಾಪ್ಸ್ ಪ್ರಕರಣ. ಅಮೆರಿಕದಲ್ಲಿ ಆ್ಯಪ್‌ಗಳಿಗೂ ಬ್ಯಾಂಕುಗಳಿಗೂ ನಡುವೆ ಕೂತಿದ್ದ ಕಂಪನಿಯದು. ಯಾರ ಹಣ ಯಾವ ಬ್ಯಾಂಕಿನಲ್ಲಿದೆ ಎಂಬ ಲೆಕ್ಕವೇ ಹೊಂದಲಿಲ್ಲ. 6.5 ಕೋಟಿಯಿಂದ 9.6 ಕೋಟಿ ಡಾಲರಿನ ಕೊರತೆ ಎಂದು ದಿವಾಳಿ ಪ್ರಕ್ರಿಯೆಯ ಟ್ರಸ್ಟಿ ಹೇಳಿದರು. ಸಾವಿರಾರು ಜನರ ಉಳಿತಾಯ ತಿಂಗಳುಗಟ್ಟಲೆ ಸಿಕ್ಕಿಬಿತ್ತು. ನಮ್ಮಲ್ಲಿ ಬ್ಯಾಂಕ್ ಠೇವಣಿಗೆ 5 ಲಕ್ಷದವರೆಗೆ ವಿಮೆ ಇದೆ. ಫಿನ್‌ಟೆಕ್ ಪರದೆಯಲ್ಲಿ ಕಾಣುವ ಅಂಕಿ ಠೇವಣಿಯಲ್ಲ. ಬಂದ ಹಣವನ್ನು ಅಲ್ಲೇ ಬಿಡದೆ ತಕ್ಷಣ ನಿಮ್ಮ ಬ್ಯಾಂಕ್ ಖಾತೆಗೆ ತಂದುಕೊಳ್ಳಿ.

ಇನ್ನೊಂದು ದಾರಿಯೂ ಇದೆ, ಅದನ್ನು ಬಲ್ಲವರು ಕಡಿಮೆ. ಕ್ಲಿಯರಿಂಗ್ ಕಾರ್ಪೊರೇಷನ್ ಆಫ್ ಇಂಡಿಯಾದ ಎಫ್‌ಎಕ್ಸ್-ರಿಟೇಲ್ ವೇದಿಕೆ 2019ರ ಆಗಸ್ಟ್‌ನಿಂದ ನಡೆಯುತ್ತಿದೆ. ಸಣ್ಣ ವ್ಯಾಪಾರಿಯೂ ತನ್ನ ಬ್ಯಾಂಕಿನ ಮೂಲಕ ನೋಂದಾಯಿಸಿಕೊಂಡು ಪೇಟೆ ದರಕ್ಕೇ ಡಾಲರ್ ಮಾರಬಹುದು, ಕೊಳ್ಳಬಹುದು. ಬ್ಯಾಂಕು ತನ್ನ ಸೇವಾ ಶುಲ್ಕವನ್ನು ದರದೊಳಗೆ ಸೇರಿಸದೆ ಬೇರೆಯಾಗಿ ಹೇಳಬೇಕು. ಇದರ ಬಳಕೆ ಹೆಚ್ಚಿಸಲು ಬಿಲ್ ಪಾವತಿ ಜಾಲವಾದ ಭಾರತ್ ಕನೆಕ್ಟ್ ಜೊತೆ ಜೋಡಿಸುವುದಾಗಿ ರಿಸರ್ವ್ ಬ್ಯಾಂಕ್ 2024ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಅಧಿಕೃತ ವ್ಯವಸ್ಥೆಯೇ ಇಷ್ಟು ಒಳ್ಳೆಯ ಬಾಗಿಲು ತೆರೆದಿಟ್ಟಿರುವಾಗ ಶಾಖೆಗಳು ಗಿರಾಕಿಗೆ ಅದನ್ನು ತೋರಿಸದಿರುವುದು ಅನ್ಯಾಯ.

ರಫ್ತು ಮಾಡುವ ಓದುಗರಲ್ಲಿ ನನ್ನ ವಿನಂತಿ ಇಷ್ಟೇ. ಬ್ಯಾಂಕೇ ಇರಲಿ, ಫಿನ್‌ಟೆಕ್ಕೇ ಇರಲಿ, ಶುಲ್ಕ ಎಷ್ಟು ಎಂದು ಕೇಳಿ ಸುಮ್ಮನಾಗಬೇಡಿ. 10,000 ಡಾಲರ್ ಹೊರಟರೆ ನನ್ನ ಖಾತೆಗೆ ಎಷ್ಟು ರೂಪಾಯಿ ಬೀಳುತ್ತದೆ, ಯಾವ ದಿನ ಬೀಳುತ್ತದೆ, ಎಫ್‌ಐಆರ್‌ಎ ಯಾವಾಗ ಸಿಗುತ್ತದೆ ಎಂದು ಕೇಳಿ, ಉತ್ತರವನ್ನು ಬರೆಸಿಕೊಳ್ಳಿ. ಮುಂದಿನ ಬಿಲ್ಲಿನ ಹಣ ಬರುವ ಮುನ್ನವೇ ನಿಮ್ಮ ಶಾಖೆಗೆ ಹೋಗಿ ಎಫ್‌ಎಕ್ಸ್-ರಿಟೇಲ್‌ಗೆ ಹೆಸರು ನೋಂದಾಯಿಸಿಕೊಡಿ ಎಂದು ಪಟ್ಟು ಹಿಡಿಯಿರಿ.